ಟ್ರಿಮ್ ಮೈನಸ್ 18: ಸೆನ್ಸರ್ ಬದಲಿಸೋ ಮೊದಲು ಎಂಜಿನ್ ಕಡೆ ನೋಡಿ

ಬೆಂಗಳೂರಿನ ನಮ್ಮ ಗ್ಯಾರೇಜಿಗೆ 1,80,000 ಕಿಲೋಮೀಟರ್ ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ಬಂತು. ಚೆಕ್ ಎಂಜಿನ್ ಲೈಟ್ ಉರಿಯುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0172 ಕೋಡ್, ಅಂದರೆ ಮಿಕ್ಸ್ಚರ್ ರಿಚ್, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಮೈಲೇಜ್ ಬಿದ್ದಿದೆ, ಪಿಕಪ್ ಇಲ್ಲ ಅಂತ ಮಾಲೀಕರ ದೂರು. ಬೇರೆ ಕಡೆ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿದ್ದರು. ಕೋಡ್ ಮಾತ್ರ ವಾಪಸ್ ಬಂದಿತ್ತು.

ಸ್ಲೋ ಸ್ಪೀಡಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ (ಐಡಲ್), ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಮೈನಸ್ 18 ತೋರಿಸುತ್ತಿತ್ತು. ಎಷ್ಟು ಗಾಳಿ ಒಳಗೆ ಬಂತು ಅಂತ ಎಂಜಿನ್ ನಡೆಸೋ ಕಂಪ್ಯೂಟರ್, ಅಂದರೆ ಇಸಿಯು, ಮೊದಲು ಲೆಕ್ಕ ಹಾಕುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಹೊಗೆ ನೋಡಿದ ಆಕ್ಸಿಜನ್ ಸೆನ್ಸರ್ 'ಜಾಸ್ತಿಯಾಯ್ತು' ಅಂದರೆ ಕಡಿಮೆ ಮಾಡುತ್ತದೆ. ಆ ತಿದ್ದುಪಡಿಯೇ ಟ್ರಿಮ್. ಇಲ್ಲಿ ಇಸಿಯು ನೂರಕ್ಕೆ 18 ಪಾಲು ಕಡಿಮೆ ಮಾಡುತ್ತಿದೆ ಅಂದರೆ ಮೊದಲ ಲೆಕ್ಕವೇ ತಪ್ಪಿರಬೇಕು. ಸುದ್ದಿ ತಂದ ಸೆನ್ಸರ್ ಮೇಲೆ ಮೊದಲೇ ಅನುಮಾನ ಪಡೋದು ಯಾಕೆ?

ಟ್ರಿಮ್ 10ರ ಒಳಗಿದ್ದರೆ, ಪ್ಲಸ್ ಆಗಲಿ ಮೈನಸ್ ಆಗಲಿ, ನಾನು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳೋದಿಲ್ಲ. ಅದರಲ್ಲೂ ಈಗ ಬಂಕಿನಲ್ಲಿ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್, ಸಿಗುತ್ತದೆ. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಬಿಡಬೇಕು. ಹಾಗಾಗಿ ಹಳೇ ಕಾರಿನಲ್ಲಿ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ಹೋಗೋದು ಸಹಜ. ಈ ಕಾರು ಅದಕ್ಕೆ ಪೂರ್ತಿ ಉಲ್ಟಾ ಇತ್ತು.

2,500 ಆರ್‌ಪಿಎಂನಲ್ಲಿ ಹಿಡಿದಾಗ ಮೈನಸ್ 6ಕ್ಕೆ ಬಂತು. ತೊಂದರೆ ಇರೋದು ಹೆಚ್ಚಾಗಿ ಸ್ಲೋ ಸ್ಪೀಡಿನಲ್ಲೇ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ತರೋ ಕ್ಯಾನಿಸ್ಟರ್ ಪರ್ಜ್ ಪೈಪ್ ಒತ್ತಿ ಹಿಡಿದೆ, ಬದಲಾಗಲಿಲ್ಲ. ಪೆಟ್ರೋಲ್ ಬೆರೆತ ಆಯಿಲ್‌ನ ಆವಿ ಬರುತ್ತಿರಬಹುದೇ ಅಂತ ಎಂಜಿನ್ ಒಳಗಿನ ಆವಿಯನ್ನು ಇಂಟೇಕಿಗೆ ಒಯ್ಯೋ ಪಿಸಿವಿ ಪೈಪ್ ಬಿಚ್ಚಿ ಎರಡೂ ಕಡೆ ಮುಚ್ಚಿ ನೋಡಿದೆ, ಅದೂ ಅಲ್ಲ. ಫ್ಯೂಯೆಲ್ ಪ್ರೆಷರ್ ಸರಿ ಇತ್ತು. ಆಫ್ ಮಾಡಿದ ಮೇಲೂ ಇಳಿಯಲಿಲ್ಲ, ಹಾಗಾಗಿ ಇಂಜೆಕ್ಟರ್ ಸೋರುತ್ತಿಲ್ಲ.

ಆಮೇಲೆ ಮ್ಯಾಪ್ ಸೆನ್ಸರ್. ನಮ್ಮಲ್ಲಿನ ಎಷ್ಟೋ ಸಣ್ಣ ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯೋ ಮಾಫ್ ಸೆನ್ಸರ್ ಇರೋದಿಲ್ಲ. ಸಿಲಿಂಡರಿಗೆ ಗಾಳಿ ಒಯ್ಯೋ ಮ್ಯಾನಿಫೋಲ್ಡಿನ ಒತ್ತಡವನ್ನು ಮ್ಯಾಪ್ ಸೆನ್ಸರ್‌ನಿಂದ ನೋಡಿ ಗಾಳಿ ಇಷ್ಟಿರಬೇಕು ಅಂತ ಇಸಿಯು ಅಂದಾಜು ಮಾಡುತ್ತದೆ. ಮಾಫ್ ಕಾರಿನ ಪಾಠ ಓದಿದ ಹುಡುಗರು ಇಲ್ಲೇ ಎಡವುತ್ತಾರೆ. ವ್ಯಾಕ್ಯೂಮ್ ಲೀಕ್ (ಬಿರುಕಿನಿಂದ ಹೊರಗಿನ ಗಾಳಿ ಒಳನುಗ್ಗೋದು) ಆದರೆ ಸ್ಲೋ ಸ್ಪೀಡಿನಲ್ಲಿ ಟ್ರಿಮ್ ಪ್ಲಸ್ ಅನ್ನೋದು ಮಾಫ್ ಕಾರಿನ ಮಾತು. ಮ್ಯಾಪ್ ಕಾರಿನಲ್ಲಿ ಲೀಕ್ ಆದ ಗಾಳಿಯೂ ಒತ್ತಡದಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಸ್ಪೀಡ್ ಏರಬಹುದು.

ಮೊದಲು ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದೆ. ಆಗ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. 91 ಕಿಲೋಪಾಸ್ಕಲ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಗೆ ಅದು ಸರಿಯಾದ ಅಂಕಿ. ಮಂಗಳೂರಿನಲ್ಲಾದರೆ 101ರ ಹತ್ತಿರ ಬರಬೇಕು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಮಾತ್ರ 47 ತೋರಿಸಿತು. ಎಸಿ ಆಫ್, ಲೋಡ್ ಇಲ್ಲ. 35ರ ಆಸುಪಾಸು ಇರಬೇಕಿತ್ತು. ಎಂಜಿನ್ನಿಗೆ ಮ್ಯಾನಿಫೋಲ್ಡಿನಿಂದ ಗಾಳಿಯನ್ನು ಸರಿಯಾಗಿ ಎಳೆಯೋಕೆ ಆಗುತ್ತಿಲ್ಲ.

ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೇಳಿದೆ. ಮುಂದುಗಡೆ ಒಂದೆರಡು ಸೆಕೆಂಡ್ ಗರಗರ ಸದ್ದು. ಕವರ್ ಬಿಚ್ಚಿದರೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸೋ ಟೈಮಿಂಗ್ ಚೈನ್ ಉದ್ದವಾಗಿತ್ತು, ಚೈನ್ ಬಿಗಿ ಹಿಡಿಯೋ ಟೆನ್ಷನರ್ ಕೊನೆಯವರೆಗೂ ಹೊರಬಂದಿತ್ತು, ವಾಲ್ವ್ ತೆರೆಯೋ ಕ್ಯಾಮ್‌ನ ಮಾರ್ಕ್ ಹಿಂದಕ್ಕೆ ಉಳಿದಿತ್ತು. ಕ್ಯಾಮ್ ಹಿಂದುಳಿದರೆ ಇಂಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟನ್ನು ಪಿಸ್ಟನ್ ಮ್ಯಾನಿಫೋಲ್ಡಿಗೇ ವಾಪಸ್ ತಳ್ಳುತ್ತದೆ. ಒತ್ತಡ ಏರುತ್ತದೆ. ಇಸಿಯು ಇದನ್ನು ಜಾಸ್ತಿ ಗಾಳಿ ಅಂತ ತಿಳಿದು ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಸಿಲಿಂಡರಿನಲ್ಲಿ ಅಷ್ಟು ಗಾಳಿ ಇರೋದೇ ಇಲ್ಲ. ಆರ್‌ಪಿಎಂ ಏರಿದಾಗ ತಡವಾಗಿ ಮುಚ್ಚೋ ವಾಲ್ವ್ ಅಷ್ಟು ತೊಂದರೆ ಕೊಡೋದಿಲ್ಲ. ಅದಕ್ಕೇ 2,500ರಲ್ಲಿ ಟ್ರಿಮ್ ಸುಧಾರಿಸಿದ್ದು. ಚೈನ್ ಇಷ್ಟು ಸವೆದಿದ್ದರೂ ಕ್ಯಾಮ್-ಕ್ರ್ಯಾಂಕ್ ಕೋಡ್ ಪಿ0016 ಬಂದಿರಲಿಲ್ಲ. ಕೋಡ್ ಬರಲಿಲ್ಲ ಅಂತ ಚೈನ್ ಸರಿ ಇದೆ ಅಂದುಕೊಳ್ಳಬೇಡಿ.

ಚೈನ್, ಟೆನ್ಷನರ್, ಗೈಡ್ ಎಲ್ಲಾ ಹೊಸದು ಹಾಕಿ, ಇಸಿಯು ಕಲಿತಿದ್ದನ್ನು ಅಳಿಸಿ ಓಡಿಸಿದೆ. ಮ್ಯಾಪ್ 35ಕ್ಕೆ ಇಳಿಯಿತು, ಟ್ರಿಮ್ ಮೈನಸ್ 2ಕ್ಕೆ ನಿಂತಿತು. ಬಿಚ್ಚಿದ್ದ ಹಳೇ ಆಕ್ಸಿಜನ್ ಸೆನ್ಸರ್ ಮಾಲೀಕರ ಡಿಕ್ಕಿಯಲ್ಲೇ ಇತ್ತು. ಹಾಕಿ ನೋಡಿದೆ. 0.1ರಿಂದ 0.9 ವೋಲ್ಟ್‌ವರೆಗೆ ಚುರುಕಾಗಿ ಏರಿಳಿಯುತ್ತಿತ್ತು, ಅಂದರೆ ಅದು ಸರಿಯಾಗೇ ಇತ್ತು.