ಮಾರಿದ ಹಣ ಮನೆಗೆ ಬರುವ ದಾರಿ

ಹೊಸ ದೇಶವೊಂದಕ್ಕೆ ವ್ಯಾಪಾರ ವಿಸ್ತರಿಸುವ ಪ್ರಸ್ತಾವ ನನ್ನ ಮೇಜಿಗೆ ಬಂದಾಗಲೆಲ್ಲ ಅದರ ಮೊದಲ ಪುಟದಲ್ಲಿ ಜನಸಂಖ್ಯೆ ಇರುತ್ತದೆ. ಒಟ್ಟು ಎಷ್ಟು ಕೋಟಿ ಜನ, ಅವರಲ್ಲಿ ಯುವಕರೆಷ್ಟು, ಮಧ್ಯಮ ವರ್ಗ ಎಷ್ಟು ವೇಗವಾಗಿ ಬೆಳೆಯುತ್ತಿದೆ, ನೂರರಲ್ಲಿ ಒಬ್ಬರು ಕೊಂಡರೂ ನಮ್ಮ ಮಾರಾಟ ಎಷ್ಟಾದೀತು ಎಂಬ ಗುಣಾಕಾರ ಅದರ ಬೆನ್ನಿಗೇ ಬರುತ್ತದೆ. ರಫ್ತು ವಿಭಾಗದಲ್ಲಿ ಹಲವು ವರ್ಷ ದುಡಿದ ನನಗೆ ಆ ಗುಣಾಕಾರದ ಮೇಲೆ ಆಕ್ಷೇಪವಿಲ್ಲ. ಕೊಳ್ಳುವವರು ನಿಜವಾಗಿಯೂ ಇದ್ದರು, ಕೊಂಡರು ಕೂಡ. ನಾವು ಎಡವಿದ್ದು ಆ ಪುಟದಲ್ಲಿ ಯಾರೂ ಬರೆಯದೆ ಬಿಟ್ಟಿದ್ದ ಪ್ರಶ್ನೆಯಲ್ಲಿ: ಅವರು ಕೊಟ್ಟ ಹಣ ಎಷ್ಟು ದಿನಕ್ಕೆ, ಯಾವ ದರದಲ್ಲಿ, ಯಾರ ಅನುಮತಿ ಪಡೆದು ನಮ್ಮ ಖಾತೆಗೆ ತಲುಪುತ್ತದೆ?

ವೇಗವಾಗಿ ಬೆಳೆಯುತ್ತಿರುವ ಇಂಥ ದೇಶಗಳಿಗೆ ಇಟ್ಟ 'ಉದಯೋನ್ಮುಖ ಮಾರುಕಟ್ಟೆ' ಎಂಬ ಹೆಸರಿನಲ್ಲೇ ಈ ಮರೆವಿನ ಮೂಲವಿದೆ ಎಂದು ನನಗೆ ಅನ್ನಿಸುತ್ತದೆ. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟೊಯಿನ್ ವಾನ್ ಅಗ್ಟ್‌ಮೇಲ್ 1981ರಲ್ಲಿ ಈ ಪದವನ್ನು ರೂಪಿಸಿದರು. 'ತೃತೀಯ ಜಗತ್ತು' ಎಂಬ ಹೆಸರು ಹೊತ್ತ ನಿಧಿಗೆ ಹಣ ಹೂಡಲು ಯಾರೂ ಮುಂದೆ ಬರಲಾರರು ಎಂಬ ಅಳುಕು ಅದಕ್ಕೆ ಕಾರಣವಾಗಿತ್ತು. ಹಾಗಾಗಿ ಅದು ಹುಟ್ಟಿದ್ದೇ ಷೇರು ಕೊಳ್ಳುವವರಿಗಾಗಿ. ಷೇರು ಕೊಂಡವನು ಗಾಳಿ ತಿರುಗಿದರೆ ಬೇಗನೆ ಮಾರಿ ಹೊರಬರಲು ನೋಡಬಹುದು. ಗೋದಾಮು ಕಟ್ಟಿ, ವಿತರಕರನ್ನು ನೇಮಿಸಿ, ಅರವತ್ತು ದಿನಗಳ ಸಾಲದ ಮೇಲೆ ಸರಕು ಕಳಿಸಿದವನಿಗೆ ಆ ಅವಕಾಶವಿಲ್ಲ.

ಕೆಲವು ವರ್ಷಗಳ ಹಿಂದೆ ನಾನಿದ್ದ ಸಂಸ್ಥೆ ನೀರೆತ್ತುವ ಪಂಪುಗಳನ್ನು ಅಂಥದೊಂದು ದೇಶಕ್ಕೆ ಕಳಿಸತೊಡಗಿತು. ವಿತರಕ ಬಹಳ ಪ್ರಾಮಾಣಿಕ ಮನುಷ್ಯ. ಮೊದಲ ದೊಡ್ಡ ರವಾನೆ ಎರಡೇ ತಿಂಗಳಲ್ಲಿ ಖರ್ಚಾಯಿತು, ಗಡುವಿಗೆ ಮೂರು ದಿನ ಮೊದಲೇ ಆತ ತನ್ನ ಬ್ಯಾಂಕಿಗೆ ಪೂರ್ತಿ ಹಣ ಕಟ್ಟಿ, ನೀಲಿ ಮೊಹರು ಬಿದ್ದ ರಸೀದಿಯ ಪ್ರತಿಯನ್ನು ನಮಗೆ ಕಳಿಸಿದ. ಹಣ ಮಾತ್ರ ಬರಲಿಲ್ಲ. ಬ್ಯಾಂಕಿನಲ್ಲಿ ಸ್ಥಳೀಯ ನಾಣ್ಯ ಇತ್ತು, ಡಾಲರ್ ಇರಲಿಲ್ಲ. ಡಾಲರಿಗಾಗಿ ಕೇಂದ್ರ ಬ್ಯಾಂಕಿನ ಮುಂದೆ ಸರದಿಯಿತ್ತು, ಆ ಸರದಿಯಲ್ಲಿ ಔಷಧ ಮತ್ತು ಇಂಧನ ತರಿಸುವವರು ನಮಗಿಂತ ಮುಂದಿದ್ದರು. ಅದು ನ್ಯಾಯವೂ ಆಗಿತ್ತು. ಪ್ರತಿ ಸೋಮವಾರ ನಾನು ಆ ರಸೀದಿಯನ್ನು ತೆರೆದು ನೋಡುತ್ತಿದ್ದೆ, ವಿತರಕನಿಗೆ ಫೋನ್ ಮಾಡುತ್ತಿದ್ದೆ, ಆತ ತನ್ನ ಬ್ಯಾಂಕಿಗೆ ಹೋಗಿ ಬಂದು ಅದೇ ಉತ್ತರ ಹೇಳುತ್ತಿದ್ದ. ಏಳನೆಯ ತಿಂಗಳಲ್ಲಿ ಆ ದೇಶ ತನ್ನ ನಾಣ್ಯವನ್ನು ಅಪಮೌಲ್ಯಗೊಳಿಸಿತು. ಆತ ಕಟ್ಟಿದ್ದ ಮೊತ್ತಕ್ಕೆ ಈಗ ಸಿಗುವ ಡಾಲರ್ ನಮ್ಮ ಬಿಲ್ಲಿನ ಮುಕ್ಕಾಲು ಭಾಗವೂ ಆಗುತ್ತಿರಲಿಲ್ಲ. ಕರಾರಿನಲ್ಲಿ ಬೆಲೆಯನ್ನು ಡಾಲರಿನಲ್ಲಿ ಬರೆದಿದ್ದೆವು. ಗ್ರಾಹಕ ಹಣ ಕಟ್ಟಿದ ದಿನಕ್ಕೂ ಬ್ಯಾಂಕ್ ಅದನ್ನು ಬದಲಿಸಿಕೊಟ್ಟ ದಿನಕ್ಕೂ ನಡುವೆ ದರ ಕುಸಿದರೆ ನಷ್ಟ ಯಾರದು ಎಂಬ ಒಂದು ಸಾಲು ಅದರಲ್ಲಿ ಇರಲಿಲ್ಲ. ಆ ಕರಡನ್ನು ಓದಿ ಒಪ್ಪಿಗೆ ಕೊಟ್ಟವನು ನಾನೇ. ಕೊನೆಗೆ ನಷ್ಟವನ್ನು ಅರ್ಧರ್ಧ ಹಂಚಿಕೊಂಡೆವು. ಆತ ಒಪ್ಪಿದ್ದು ಅವನ ದೊಡ್ಡತನ. ಆದರೆ ಮುಂದಿನ ರವಾನೆಗೆ ಬೇಡಿಕೆ ಕಳಿಸುವಷ್ಟು ಬಂಡವಾಳ ಅವನಲ್ಲಿ ಉಳಿಯಲಿಲ್ಲ.

ಇದು ಚಿಕ್ಕ ಸಂಸ್ಥೆಗಳಿಗೆ ಮಾತ್ರ ಬರುವ ಕಷ್ಟವೆಂದು ನಾನು ಆಗ ತಿಳಿದಿದ್ದೆ. ಆದರೆ 2022ರಲ್ಲಿ ಎಮಿರೇಟ್ಸ್ ವಿಮಾನಯಾನ ಸಂಸ್ಥೆ ನೈಜೀರಿಯಾಕ್ಕೆ ತನ್ನ ಹಾರಾಟವನ್ನೇ ನಿಲ್ಲಿಸಿತು. ಟಿಕೆಟ್ ಮಾರಿ ಗಳಿಸಿದ ಹಣವನ್ನು ದೇಶದಿಂದ ಹೊರಗೆ ಒಯ್ಯಲಾಗದೆ ಇದ್ದುದು ಅದಕ್ಕೆ ಕಾರಣ. ಹಾರಾಟ ಮತ್ತೆ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ. ಇನ್ನೂ ಕಲಿಯಬೇಕಾದ್ದು ಏರ್‌ಟೆಲ್‌ನ ಕಥೆಯಲ್ಲಿದೆ. 2010ರಲ್ಲಿ ಅದು ಕುವೈತಿನ ಝೈನ್ ಎಂಬ ದೂರಸಂಪರ್ಕ ಕಂಪನಿಯ ಹದಿನೈದು ಆಫ್ರಿಕನ್ ದೇಶಗಳ ವ್ಯವಹಾರವನ್ನು 1,070 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಕೊಂಡಿತು, ಬಹಳ ವರ್ಷ ನಷ್ಟ ಸಹಿಸಿ ಅದನ್ನು ಹಳಿಗೆ ತಂದು 2019ರಲ್ಲಿ ಲಂಡನ್ ಷೇರುಪೇಟೆಯಲ್ಲಿ ನೋಂದಾಯಿಸಿತು. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನಾಣ್ಯವಾದ ನೈರಾದ ಮೇಲಿನ ಹಿಡಿತ ಸಡಿಲಿಸಿದಾಗ ಡಾಲರಿಗೆ ಸುಮಾರು 470 ಇದ್ದ ದರ ಮುಂದಿನ ವರ್ಷದ ಆರಂಭದಲ್ಲಿ 1,400ನ್ನು ದಾಟಿತು. ಏರ್‌ಟೆಲ್ ಆಫ್ರಿಕಾದ ಗ್ರಾಹಕರು ಹೆಚ್ಚುತ್ತಲೇ ಇದ್ದರು, ಸ್ಥಳೀಯ ನಾಣ್ಯದ ಲೆಕ್ಕದಲ್ಲಿ ಆದಾಯವೂ ಏರುತ್ತಿತ್ತು. ಹಾಗಿದ್ದೂ 2024ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಅದು ನಷ್ಟ ತೋರಿಸಬೇಕಾಯಿತು.

ಇದಕ್ಕೆ ಪೂರ್ತಿ ಪರಿಹಾರವಿಲ್ಲ. ವಿನಿಮಯ ದರವನ್ನು ಮುಂಚಿತವಾಗಿ ಕಾಯ್ದಿರಿಸುವ ಒಪ್ಪಂದಗಳು ಇಂಥ ನಾಣ್ಯಗಳಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಅವುಗಳ ವೆಚ್ಚವೇ ಲಾಭವನ್ನು ತಿಂದುಹಾಕುತ್ತದೆ. ಮೂರನೆಯ ದೇಶದ ಬ್ಯಾಂಕೊಂದು ದೃಢೀಕರಿಸಿದ ಲೆಟರ್ ಆಫ್ ಕ್ರೆಡಿಟ್ (ದಾಖಲೆ ಒಪ್ಪಿಸಿದರೆ ಹಣ ಕೊಡುತ್ತೇವೆಂದು ಕೊಳ್ಳುವವನ ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ) ಇದ್ದರೆ ಹಣದ ಹೊಣೆ ಆ ಬ್ಯಾಂಕಿನ ಮೇಲೆ ಬರುತ್ತದೆ, ನನ್ನ ಅನುಭವದಲ್ಲಿ ಚಿಕ್ಕ ರಫ್ತುದಾರನಿಗೆ ಅದಕ್ಕಿಂತ ಗಟ್ಟಿಯಾದ ಆಸರೆ ಇಲ್ಲ. ದೊಡ್ಡ ಸಂಸ್ಥೆಗಳು ಗಳಿಸುವ ನಾಣ್ಯದಲ್ಲೇ ಸಾಲ ಪಡೆದು, ಅದೇ ನಾಣ್ಯದಲ್ಲಿ ಸಂಬಳ ಮತ್ತು ಕಚ್ಚಾವಸ್ತುವಿನ ಖರ್ಚು ನಡೆಸಿದರೆ ಏಟಿನ ಭಾರ ತಗ್ಗುತ್ತದೆ. ಆದರೆ ಕಚ್ಚಾವಸ್ತು ಹೊರಗಿನಿಂದ ಬರುವಂತಿದ್ದರೆ ಸ್ಥಳೀಯ ಕಾರ್ಖಾನೆಯೂ ಕಾಪಾಡಲಾರದು. 2023ರ ಡಿಸೆಂಬರಿನಲ್ಲಿ ದಿನಬಳಕೆ ವಸ್ತುಗಳ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ನೈಜೀರಿಯಾದಲ್ಲಿ ತಯಾರಿಕೆ ನಿಲ್ಲಿಸಿ ಆಮದಿಗೆ ಸೀಮಿತವಾಗುವುದಾಗಿ ಘೋಷಿಸಿದಾಗ, ಡಾಲರಿನಲ್ಲಿ ಲೆಕ್ಕವಿಡುವ ಕಂಪನಿ ಅಲ್ಲಿ ಲಾಭ ಕಾಣುವುದು ಕಷ್ಟ ಎಂಬುದನ್ನೇ ಕಾರಣವಾಗಿ ಕೊಟ್ಟಿತು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಈ ಮಾರುಕಟ್ಟೆಗಳಿಗೆ ಹೋಗಬಾರದೆಂದು ಯಾರಿಗೂ ಸಲಹೆ ಕೊಟ್ಟಿಲ್ಲ. ಹಣ ಎಲ್ಲಿ ಸಿಕ್ಕಿಬೀಳುತ್ತದೆಯೋ ಅಲ್ಲೇ ದೊಡ್ಡ ಅವಕಾಶವೂ ಇರುತ್ತದೆ ಎಂಬುದನ್ನು ನಾನು ತಡವಾಗಿ ಕಂಡುಕೊಂಡೆ. 2003ರಲ್ಲಿ ಅಮೆರಿಕದ ಆನ್‌ಲೈನ್ ಮಾರಾಟ ತಾಣ ಇಬೇ, ಚೀನಾದ ಅಂಥದ್ದೇ ತಾಣ ಈಚ್‌ನೆಟ್ ಅನ್ನು ಪೂರ್ತಿಯಾಗಿ ಕೊಂಡಾಗ ಅದರ ಮುಂದೆ ಪ್ರತಿಸ್ಪರ್ಧಿ ಎನ್ನುವಂಥವರು ಹೆಚ್ಚು ಇರಲಿಲ್ಲ. ಅದೇ ವರ್ಷ ಹುಟ್ಟಿದ ಚೀನೀ ತಾಣ ಟಾವೊಬಾವೊ ಮಾರಾಟಗಾರರಿಂದ ಶುಲ್ಕ ಕೇಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಖ ನೋಡದ ಮಾರಾಟಗಾರನಿಗೆ ಹಣ ಕಳಿಸಲು ಕೊಳ್ಳುವವನಿಗಿದ್ದ ಭಯವನ್ನು ಅದು ಅರ್ಥಮಾಡಿಕೊಂಡಿತು. ಅದರ ಅಲಿಪೇ ಪಾವತಿ ವ್ಯವಸ್ಥೆಯಲ್ಲಿ ಹಣ ಮಧ್ಯದಲ್ಲಿ ನಿಲ್ಲುತ್ತಿತ್ತು, ಸರಕು ತಲುಪಿದೆ ಎಂದು ಕೊಂಡವನು ಒಪ್ಪಿದ ಮೇಲೆಯೇ ಮಾರಿದವನ ಕೈ ಸೇರುತ್ತಿತ್ತು. 2006ರ ಕೊನೆಗೆ ಇಬೇ ತನ್ನ ಚೀನೀ ತಾಣವನ್ನು ಮುಚ್ಚಿ ಸ್ಥಳೀಯ ಪಾಲುದಾರನೊಂದಿಗೆ ಜಂಟಿ ಉದ್ಯಮಕ್ಕೆ ಒಪ್ಪಿಸಬೇಕಾಯಿತು. 1999ರಲ್ಲಿ ಅರ್ಜೆಂಟೀನಾದಲ್ಲಿ ಆರಂಭವಾದ ಆನ್‌ಲೈನ್ ಮಾರಾಟ ತಾಣ ಮೆರ್ಕಾಡೊ ಲಿಬ್ರೆ ಕೂಡ ಕೆಲವೇ ವರ್ಷಗಳಲ್ಲಿ ತನ್ನದೇ ಪಾವತಿ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಕೀನ್ಯಾದಲ್ಲಿ 2007ರಲ್ಲಿ ಮೊಬೈಲ್ ಕಂಪನಿ ಸಫಾರಿಕಾಮ್ ತಂದ ಎಂ-ಪೆಸಾ, ಬ್ಯಾಂಕ್ ಖಾತೆಯೇ ಇಲ್ಲದವರಿಗೆ ಸಾಮಾನ್ಯ ಮೊಬೈಲಿನಿಂದ ಹಣ ಕಳಿಸುವ ದಾರಿ ತೆರೆಯಿತು. ನಗದು ಕೊಟ್ಟು ಪಡೆಯುವ ಕೆಲಸಕ್ಕೆ ಅದು ಬ್ಯಾಂಕ್ ಶಾಖೆಗಳಿಗೆ ಕಾಯಲಿಲ್ಲ, ಏಜೆಂಟರ ಜಾಲವನ್ನೇ ಹರಡಿತು. ಹೊರಗಿನಿಂದ ಬಂದವರು ಕೊರತೆಯೆಂದು ವರದಿಯಲ್ಲಿ ಬರೆದದ್ದನ್ನೇ ಈ ಸಂಸ್ಥೆಗಳು ತಮ್ಮ ಕಸುಬು ಮಾಡಿಕೊಂಡವು.

ಸರ್ಕಾರಿ ನಿಯಮಗಳ ಅನಿಶ್ಚಿತತೆಯ ಬಗ್ಗೆ ಬಹಳಷ್ಟು ಬರೆಯುತ್ತಾರೆ, ನಾನು ಒಂದೇ ಉದಾಹರಣೆ ಕೊಡುತ್ತೇನೆ. 2007ರಲ್ಲಿ ವೊಡಾಫೋನ್ ಹಚಿಸನ್‌ನ ಭಾರತೀಯ ವ್ಯವಹಾರವನ್ನು ಕೊಂಡದ್ದರ ಮೇಲಿನ ತೆರಿಗೆ ವಿವಾದದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು; ಅದೇ ವರ್ಷ ಕಾನೂನನ್ನೇ ಹಿಂದಿನ ವ್ಯವಹಾರಗಳಿಗೂ ಅನ್ವಯಿಸುವಂತೆ ತಿದ್ದಲಾಯಿತು; ಆ ತಿದ್ದುಪಡಿಯ ಹಳೆಯ ಬೇಡಿಕೆಗಳನ್ನು ಕೈಬಿಡುವ ಕಾನೂನು ಬಂದದ್ದು 2021ರಲ್ಲಿ. ಹದಿನಾಲ್ಕು ವರ್ಷ ಕಾಯುವ ತ್ರಾಣ ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲ.

ಎರಡನೆಯ ದೇಶಕ್ಕೆ ಹೋಗುವಾಗ ನಾವು ಕ್ರಮ ಬದಲಿಸಿದೆವು. ಮೊದಲ ರವಾನೆಯಲ್ಲಿ ನಲವತ್ತು ಪಂಪುಗಳನ್ನು ಮಾತ್ರ ಕಳಿಸಿ, ಆ ಸಣ್ಣ ಮೊತ್ತ ಯಾವ ಯಾವ ಮೇಜುಗಳನ್ನು ದಾಟಿ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟೆವು. ಮಾರಾಟ ವಿಭಾಗದವರಿಗೆ ಇದು ಅತಿ ಎಚ್ಚರಿಕೆ ಎನಿಸಿತು, ಬೇಡಿಕೆ ಇರುವಾಗ ಸರಕು ತಡೆಹಿಡಿದರೆ ಬೇರೆಯವರು ನುಗ್ಗುತ್ತಾರೆ ಎಂಬ ಅವರ ವಾದದಲ್ಲಿ ಹುರುಳಿತ್ತು, ನಿಜವಾಗಿ ಒಬ್ಬರು ನುಗ್ಗಿದರು ಕೂಡ. ನಾನು ಮಣಿಯಲಿಲ್ಲ. ಹಣ ಐವತ್ತೊಂದನೆಯ ದಿನ ಬಂತು, ಎರಡನೆಯ ರವಾನೆಯದು ನಲವತ್ತೆಂಟಕ್ಕೆ. ಅದಾದ ಮೇಲೆಯೇ ಅಲ್ಲಿ ಗೋದಾಮು ಹಿಡಿದೆವು.

ಮೊದಲ ದೇಶದ ಆ ಹಳೆಯ ವಿತರಕನಿಂದ ಎರಡು ವರ್ಷಗಳ ನಂತರ ಮತ್ತೆ ಪತ್ರ ಬಂತು. ಮೊದಲ ಸಾಲಿನಲ್ಲೇ ಲೆಟರ್ ಆಫ್ ಕ್ರೆಡಿಟ್ ತೆರೆಯುವ ತನ್ನ ಬ್ಯಾಂಕಿನ ಹೆಸರನ್ನೂ ಅದನ್ನು ದೃಢೀಕರಿಸುವ ವಿದೇಶಿ ಬ್ಯಾಂಕಿನ ಹೆಸರನ್ನೂ ಬರೆದಿದ್ದ. ಎಷ್ಟು ಪಂಪು ಬೇಕೆಂಬುದು ಕೊನೆಯ ಸಾಲಿನಲ್ಲಿತ್ತು.