ಮೇಪಲ್ ಒಲೆಗೆ ಬುಡದ ಗಾಳಿ: ಮೂರನೇ ವಾರಾಂತ್ಯ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಈಗ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ಮೇಪಲ್ ಮರ ರಸ ಬಿಡುವುದು ಇಂಥ ದಿನಗಳಲ್ಲೇ. ರಸದಲ್ಲಿ ಸಕ್ಕರೆ ಶೇ 2ರ ಆಸುಪಾಸು. ಒಂದು ಲೀಟರ್ ಸಿರಪ್, ಅಂದರೆ ಗಟ್ಟಿ ಸಿಹಿ ಪಾಕ, ಬೇಕಂದ್ರೆ ಸುಮಾರು 40 ಲೀಟರ್ ರಸ ಕಾಯಿಸಬೇಕು. ಹಾಗಾಗಿ ಒಲೆ ಚೆನ್ನಾಗಿ ಉರಿಯಲೇಬೇಕು.

ನನ್ನ ಪ್ಯಾನ್ 2 ಅಡಿ ಅಗಲ, 3 ಅಡಿ ಉದ್ದ. ಹೋದ ವರ್ಷ ಗಂಟೆಗೆ 12 ಲೀಟರ್ ಮಾತ್ರ ಆವಿಯಾಗುತ್ತಿತ್ತು. ಚಿಮಣಿಯಲ್ಲಿ ಕಪ್ಪು ಹೊಗೆ, ಒಲೆ ತುಂಬ ಅರೆಬೆಂದ ಕೊಳ್ಳಿ. ಗಾಳಿ ಸಾಲುತ್ತಿಲ್ಲ ಅಂತ ಬಾಗಿಲು ತೆರೆದಿಟ್ಟೆ. ಕುದಿ ಇನ್ನೂ ಇಳಿಯಿತು! ಬಗ್ಗಿ ನೋಡಿದಾಗ ಗೊತ್ತಾಯಿತು. ಒಳಗೆ ನುಗ್ಗಿದ ತಣ್ಣನೆಯ ಗಾಳಿ ಕೆಂಡದ ಹತ್ತಿರ ಹೋಗದೆ, ಪ್ಯಾನಿನ ತಳ ಸವರಿಕೊಂಡು ನೇರ ಚಿಮಣಿ ಸೇರುತ್ತಿತ್ತು. ಸೌದೆ ಇಟ್ಟಿಗೆಯ ನೆಲಕ್ಕೇ ಅಂಟಿಕೊಂಡಿತ್ತು. ಬುಡಕ್ಕೆ ಗಾಳಿಯೇ ಇರಲಿಲ್ಲ.

ಊರಲ್ಲಿ ಅಜ್ಜಿ ಊದುಗೊಳವೆಯನ್ನು ಕೆಂಡದ ಬುಡಕ್ಕೇ ಹಿಡಿಯುತ್ತಿದ್ದರು, ಉರಿಗಲ್ಲ. ಅದೇ ನೆನಪಾಯಿತು.

ಈ ವರ್ಷ ಮೊದಲ ವಾರ ಎರಕದ ಕಬ್ಬಿಣದ ಜಾಲರಿಯನ್ನು ನೆಲದಿಂದ 8 ಇಂಚು ಮೇಲೆ ಕೂರಿಸಿದೆ. ಕೆಳಗೆ ಬೂದಿಗೆ ಜಾಗ, ಅದನ್ನು ಬಳಿಯಲು ಪುಟ್ಟ ಬಾಗಿಲು. ಪಕ್ಕದಿಂದ ಒಂದು ಕೊಳವೆ, ಅದರ ತುದಿಗೆ ಸಣ್ಣ ಬ್ಲೋವರ್. ಮೇಲಿನ ಬಾಗಿಲು ಭದ್ರವಾಗಿ ಮುಚ್ಚಿಯೇ ಇರುತ್ತದೆ.

ಎರಡನೇ ವಾರ ಬೇರೆ ತೊಂದರೆ. ಬ್ಲೋವರ್ ಜೋರಾಗಿಟ್ಟರೆ ಉರಿ ಪ್ಯಾನಿಗೆ ತಾಗದೆ ಹಿಂದಕ್ಕೆ ಓಡುತ್ತಿತ್ತು, ಚಿಮಣಿಯ ಬುಡ ಕೆಂಪಗಾಗುತ್ತಿತ್ತು. ಅಷ್ಟೂ ಶಾಖ ಆಕಾಶದ ಪಾಲು, ಅಲ್ವಾ? ಒಲೆಯ ಹಿಂಭಾಗಕ್ಕೆ ವರ್ಮಿಕ್ಯುಲೈಟ್ (ಶಾಖ ತಡೆಯುವ ಹಗುರ ಖನಿಜದ ಹರಳು) ಸುರಿದು, ಮೇಲೆ ಬೆಂಕಿ ತಾಳುವ ಇಟ್ಟಿಗೆ (ಫೈರ್‌ಬ್ರಿಕ್) ಹಾಸಿ ಇಳಿಜಾರು ಮಾಡಿದೆ. ಪ್ಯಾನಿಗೂ ಇಟ್ಟಿಗೆಗೂ ನಡುವೆ ಈಗ ಎರಡೇ ಇಂಚು. ಉರಿ ಆ ಸಂದಿಯಲ್ಲಿ ತಳ ನೆಕ್ಕಿಕೊಂಡೇ ಹೋಗಬೇಕು. ಪ್ಯಾನಿನ ಅಂಚಿಗೆ ಸೆರಾಮಿಕ್ ಹಗ್ಗ ಸುತ್ತಿದ ಮೇಲೆ ಕಳ್ಳಗಾಳಿಯೂ ನಿಂತಿತು.

ಈ ಶನಿವಾರ ಗಂಟೆಗೆ 19 ಲೀಟರ್! ಸೌದೆ ಮಣಿಕಟ್ಟಿನ ದಪ್ಪಕ್ಕೆ ಸೀಳಿದ್ದೆ, ಎಂಟು ನಿಮಿಷಕ್ಕೊಮ್ಮೆ ಹಾಕುತ್ತಿದ್ದೆ. ಮುಂದಿನ ಮೂಲೆಯಿಂದ ಹಿಂದಿನ ಮೂಲೆವರೆಗೂ ರಸ ಕೊತಕೊತ ಕುದಿಯಿತು. ನೊರೆ ಉಕ್ಕಿದಾಗ ಒಂದು ಚೂರು ಬೆಣ್ಣೆ ಹಾಕಿದೆ, ತಕ್ಷಣ ಇಳಿಯಿತು. ನೀರಿನ ಕುದಿಬಿಂದುವಿಗಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಹದ ಬಂತು.

ಹೊಸದಾಗಿ ಸೌದೆ ಹಾಕಿದಾಗ ಮಾತ್ರ ಒಂದೆರಡು ನಿಮಿಷ ಹೊಗೆ ಬರುತ್ತದೆ. ಅದು ಉರಿಯದೆ ಉಳಿದ ಇಂಧನ. ಉರಿಯ ಮೇಲ್ಭಾಗಕ್ಕೂ ಸ್ವಲ್ಪ ಗಾಳಿ ಬೇಕು. ಬರುವ ವಾರ ಎರಡೂ ಬದಿಯ ಗೋಡೆಗೆ, ಕೆಂಡಕ್ಕಿಂತ ಮೇಲೆ, ಸಣ್ಣ ತೂತಿನ ಪೈಪು ಕೂರಿಸುತ್ತೇನೆ.