ಮೂರನೆಯ ಸಲ ಬಂದ ಕೆಮ್ಮು

ಆ ಮಹಿಳೆ ಅದೇ ಕೆಮ್ಮಿಗೆಂದು ನನ್ನ ಬಳಿ ಬಂದದ್ದು ಮೂರನೆಯ ಸಲ. ವಯಸ್ಸು 58; ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮೊದಲ ಸಲ ಶೀತದ ಕೆಮ್ಮೆಂದು ಬಗೆದಿದ್ದೆ. ಎರಡನೆಯ ಸಲ ಆಂಟಿಬಯಾಟಿಕ್ ಬರೆದು, ಕಫ ಪರೀಕ್ಷೆಯನ್ನೂ ಎದೆಯ ಎಕ್ಸ್‌ರೇಯನ್ನೂ ಮಾಡಿಸಿದ್ದೆ. ಕ್ಷಯ ಇರಲಿಲ್ಲ, ಎಕ್ಸ್‌ರೇ ವರದಿಯಲ್ಲೂ ದೋಷವಿರಲಿಲ್ಲ. ಆ ಎರಡು ಕಾಗದಗಳನ್ನು ನಾನು ಅಗತ್ಯಕ್ಕಿಂತ ಹೆಚ್ಚು ನಂಬಿದ್ದೆ.

ಅಂದು ಹಳೆಯ ಚೀಟಿಗಳನ್ನು ಸಾಲಾಗಿಟ್ಟು ನೋಡಿದಾಗ ಕಣ್ಣಿಗೆ ಬಿದ್ದದ್ದು ತೂಕ: 61, 59, 56 ಕಿಲೋ. ಒಂದೊಂದೇ ಚೀಟಿ ನೋಡಿದವರಿಗೆ ಇದು ತಿಳಿಯುವಂಥದ್ದಲ್ಲ. "ಊಟ ಸೇರ್ತಾ ಇಲ್ಲ ಡಾಕ್ಟ್ರೇ, ಅಷ್ಟೇ" ಎಂದ ಅವರ ದನಿ ಒಡೆದಿತ್ತು. ಧ್ವನಿಪೆಟ್ಟಿಗೆಗೆ ಹೋಗುವ ಎಡಭಾಗದ ನರ ಎದೆಯೊಳಗಿಳಿದು ಮೇಲಕ್ಕೆ ತಿರುಗುವುದರಿಂದ, ಅಲ್ಲಿ ಗಡ್ಡೆ ಒತ್ತಿದರೂ ದನಿ ಕೆಡುತ್ತದೆ. ಎರಡೂ ತೋರುಬೆರಳುಗಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಲು ಹೇಳಿದೆ. ಸಾಮಾನ್ಯವಾಗಿ ಉಗುರಿನ ಬುಡದಲ್ಲಿ ಬೆಳಕು ತೂರುವ ವಜ್ರಾಕಾರದ ಪುಟ್ಟ ಕಿಂಡಿಯೊಂದು ಕಾಣುತ್ತದೆ. ಅವರಲ್ಲಿ ಅದು ಮುಚ್ಚಿಹೋಗಿತ್ತು, ಅಂದರೆ ಬೆರಳ ತುದಿ ಉಬ್ಬಿತ್ತು. ಲಿಯೋ ಶಾಮ್ರಾತ್ ಎಂಬ ಹೃದ್ರೋಗ ತಜ್ಞರು 1976ರಲ್ಲಿ ತಮ್ಮದೇ ಬೆರಳುಗಳನ್ನು ಗಮನಿಸಿ ವಿವರಿಸಿದ ಪರೀಕ್ಷೆಯಿದು. ಬೆರಳ ತುದಿ ಉಬ್ಬುವುದಕ್ಕೆ ಶ್ವಾಸಕೋಶದ ಕ್ಯಾನ್ಸರ್ ಅಲ್ಲದೆ ಬೇರೆ ಕಾಯಿಲೆಗಳೂ ಕಾರಣವಾಗಬಹುದು, ಆದರೆ ಮೂರು ವಾರ ಮೀರಿದ ಕೆಮ್ಮು, ಇಳಿದ ತೂಕ, ಒಡೆದ ದನಿ ಇವುಗಳ ಜೊತೆಗೆ ಇದನ್ನು ಕಂಡ ಮೇಲೆ ಇನ್ನೊಂದು ಸಿರಪ್ ಬರೆಯುವುದು ಸಾಧ್ಯವಿರಲಿಲ್ಲ.

ಶಿಫಾರಸು ಪತ್ರ ಬರೆಯಲು ಕುಳಿತಾಗ ಕೈ ತಾನಾಗಿ "ಕೆಮ್ಮಿಗಾಗಿ ಪರೀಕ್ಷಿಸಿ" ಎಂದು ಬರೆಯಿತು. ನಮ್ಮಲ್ಲಿ ಹಲವರಿಗೆ ಇದು ರೂಢಿ; ಅಂಥ ಪತ್ರ ಹಿಡಿದು ಹೋದವರು ಸಾಮಾನ್ಯ ಸರದಿಯಲ್ಲೇ ನಿಲ್ಲಬೇಕಾಗುತ್ತದೆ. ಅದನ್ನು ಹರಿದು, "ಶ್ವಾಸಕೋಶದ ಕ್ಯಾನ್ಸರ್ ಶಂಕೆ, ತುರ್ತು, ಎಕ್ಸ್‌ರೇ ಸರಿಯಿದ್ದರೂ ಸಿಟಿ ಸ್ಕ್ಯಾನ್ ಅಗತ್ಯ" ಎಂದು ಬರೆದು, ತೂಕದ ಮೂರು ಅಂಕಿಗಳನ್ನೂ ದಿನಾಂಕ ಸಹಿತ ನಮೂದಿಸಿದೆ. ಪತ್ರದಲ್ಲಿ ಬರೆದದ್ದನ್ನು ಅವರಿಂದ ಮುಚ್ಚಿಡುವುದು ಸರಿಯೆನಿಸಲಿಲ್ಲ. "ಕ್ಯಾನ್ಸರೇ ಅಂತೀರಾ?" ಎಂದು ಕೇಳಿದರು. "ಖಚಿತವಿಲ್ಲಮ್ಮ, ಆದರೆ ಅನುಮಾನವಿದೆ, ಅದಕ್ಕೇ ತಡ ಮಾಡುವುದು ಬೇಡ" ಎಂದೆ. ತಜ್ಞರಿಗೆ ನಾನೇ ಫೋನ್ ಮಾಡಿ, ದಿನ ಗೊತ್ತಾದ ಮೇಲಷ್ಟೇ ಅವರನ್ನು ಕಳುಹಿಸಿದೆ.

ಸ್ಕ್ಯಾನ್‌ನಲ್ಲಿ ಎಡ ಶ್ವಾಸಕೋಶದಲ್ಲಿ, ಹೃದಯದ ಹಿಂಬದಿಗೆ ಗಡ್ಡೆ ಕಂಡಿತು. ಬಯಾಪ್ಸಿ ಶಂಕೆಯನ್ನು ದೃಢಪಡಿಸಿತು. ಆ ಸಂಜೆ ಹಳೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದೂ, ಹೃದಯದ ಬಿಳಿ ನೆರಳಿನಾಚೆ ನನಗೆ ಏನೂ ಕಾಣಲಿಲ್ಲ.